ಓಡುವ ಮನೆಗೆ ತವರಿನ ಬುತ್ತಿ

ಜಗತ್ತಿನಲ್ಲಿ ಯಾರು ಬೇಕಾದರೂ ದಾರಿ ತಪ್ಪಬಹುದು, ನಾನು ಮಾತ್ರ ತಪ್ಪುವಂತಿಲ್ಲ. ಅದು ನನ್ನ ಉದ್ಯೋಗಕ್ಕೇ ಅವಮಾನ. ಜರ್ಮನಿಯ ಅಬ್‌ಸ್ಟಾಟ್ ಎಂಬ, ದ್ರಾಕ್ಷಿ ತೋಟಗಳ ನಡುವಿನ ಹಳ್ಳಿಯಲ್ಲಿ ಕುಳಿತು, ಕಾರಿಗೆ ತಾನು ಎಲ್ಲಿದ್ದೇನೆ ಎಂಬ ಅರಿವು ಮೂಡಿಸುವ ಇಂಜಿನಿಯರ್ ನಾನು. ಆಕಾಶದ ಉಪಗ್ರಹಗಳಿಗೂ ನನಗೂ ದಿನದ ಕೊಡು-ಕೊಳ್ಳುವಿಕೆ ಉಂಟು. ಆದ್ದರಿಂದ, ಆ ರವಿವಾರ ಬೊಬ್ಲಿಂಗೆನ್ ಊರಿನ ಒಂದು ಮನೆಗೆ ಹೋಗಿ ಮುಟ್ಟುವ ಜವಾಬ್ದಾರಿ ಹೆಗಲಿಗೆ ಬಿದ್ದಾಗ ನಾನು ಮೀಸೆ ತಿರುವಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯವೆಲ್ಲ ಆಮೇಲೆ!

ಸಂಗತಿ ಇಷ್ಟು. ಬೊಬ್ಲಿಂಗೆನ್‌ನಲ್ಲಿ ಶಿಲ್ಪಾ, ಮಂಜುನಾಥ ಎಂಬ ನಮ್ಮ ಬಾಗಲಕೋಟೆ ಕಡೆಯ ಗಂಡ-ಹೆಂಡತಿ ಇದ್ದಾರೆ. ಶಿಲ್ಪಾಳಿಗೆ ಏಳು ತಿಂಗಳು ತುಂಬಿತ್ತು. ನಮ್ಮ ಕಡೆ ಆಗ ಕುಬಸ ಮಾಡುತ್ತಾರೆ. ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ಹೊತ್ತು ತಂದು ಬಸುರಿಯ ಉಡಿ ತುಂಬಬೇಕು. ಆದರೆ ಶಿಲ್ಪಾಳ ತಾಯಿಗೆ ವೀಸಾ ಸಿಕ್ಕಿರಲಿಲ್ಲ. ಒಂದು ದಿನ ಆ ಹುಡುಗಿ ನನ್ನ ಹೆಂಡತಿ ಗಿರಿಜಾಳಿಗೆ ಫೋನ್ ಮಾಡಿ, "ಅಕ್ಕಾ, ನೀವ ನನ್ನ ತವರಾಗ್ರಿ" ಎಂದು ಅತ್ತಳಂತೆ. ಉಳ್ಳಾಗಡ್ಡಿ ಹೆಚ್ಚುವಾಗಲೂ ಕಣ್ಣೀರು ಹಾಕದ ಗಿರಿಜಾ ಅಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಲ್ಲಿಗೆ ನಾವು ತವರುಮನೆಯಾದೆವು. ನನಗೆ ತವರಿನ ಹಿರಿಯ ಎಂಬ ಪದವಿ, ಅರ್ಜಿ ಹಾಕದೆಯೇ ಪ್ರಾಪ್ತವಾಯಿತು.

ಗಿರಿಜಾ ಎರಡು ದಿನ ಒಲೆಯ ಮುಂದಿನಿಂದ ಏಳಲಿಲ್ಲ. ಶೇಂಗಾ ಹೋಳಿಗೆ, ಮಾದಲಿ, ಕರಚಿಕಾಯಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಚಿತ್ರಾನ್ನ, ಮೊಸರನ್ನ. ಇತ್ತ ಶಿಲ್ಪಾ ಹಠ ಹಿಡಿದಿದ್ದಳು. "ಅವತ್ತ ಹಾಲ ಬಿಟ್ರ ಏನೂ ಮುಟ್ಟಂಗಿಲ್ಲಕ್ಕಾ. ಮೊದಲನೇ ತುತ್ತು ತವರಿನ ಬುತ್ತೀದ ಆಗ್ಬೇಕು."

ಅಂದರೆ, ನಾನು ತಡ ಮಾಡಿದರೆ ಬೊಬ್ಲಿಂಗೆನ್‌ನಲ್ಲಿ ಒಬ್ಬ ಬಸುರಿ ಉಪವಾಸ! ಇಷ್ಟು ದೊಡ್ಡ ಹೊಣೆಯನ್ನು ಕಂಪನಿಯವರೂ ನನಗೆ ಇದುವರೆಗೆ ವಹಿಸಿರಲಿಲ್ಲ.

"ನಾನ ಗಾಡಿ ಹೊಡೀತೀನ್ರಿ" ಎಂದಳು ಗಿರಿಜಾ.

ಅವಳ ಮಾತಿನಲ್ಲಿ ಹುರುಳಿತ್ತೆಂದು ಈಗ ಒಪ್ಪುತ್ತೇನೆ. ಅವಳು ರೊಟ್ಟಿ, ಹೋಳಿಗೆ ಮಾಡಿ ಮಾರುತ್ತಾಳೆ. ಗಾಜು ಒಡೆದ ತನ್ನ ಹಳೆಯ ಫೋನನ್ನು ನಂಬಿಕೊಂಡು ಸುತ್ತಲಿನ ಊರುಗಳ ಓಣಿ ಓಣಿಗೆ ಹೋಗಿ ಮುಟ್ಟಿಸಿ ಬರುತ್ತಾಳೆ. ಇದುವರೆಗೆ ಅವಳ ಒಂದು ರೊಟ್ಟಿಯೂ ತಪ್ಪು ಮನೆಯ ಗಂಟೆ ಬಾರಿಸಿಲ್ಲ. ಆದರೆ ಪದವಿ ತಲೆಗೇರಿದ್ದ ನಾನು, "ತವರಿನ ಹಿರಿಯ ಹಿಂದಿನ ಸೀಟಿನ್ಯಾಗ ಕೂತು ಹೋಗ್ತಾನೇನು?" ಎಂದು ಕೀಲಿ ಕಸಿದುಕೊಂಡೆ.

"ಮತ್ತ ಅವರ ಹೊಸಾ ಮನಿ ವಿಳಾಸನಾರ ಕೇಳಿ ಇಟ್ಕೋರಿ. ನಾವು ಒಮ್ಮೆನೂ ಹೋಗಿಲ್ಲ."

"ಮಂಜು ಗ್ರೂಪಿಗೆ ಲೊಕೇಶನ್ ಹಾಕ್ಯಾನ. ಲೊಕೇಶನ್ ಇರೂಮುಂದ ವಿಳಾಸ ಯಾರು ಕೇಳ್ತಾರ? ಸದ್ಯ ಬೊಬ್ಲಿಂಗೆನ್ ಅಂತ ಊರ ಹೆಸರು ಹಾಕಿದ್ರ ಸಾಕು. ಹತ್ರ ಹೋದಮ್ಯಾಲ ಲೊಕೇಶನ್ ಒತ್ತೂಣು."

ನಮ್ಮ ಕಾರು ಎಲ್ಲಿದೆ ಎಂದು ಬೀಗರು ಕಣ್ಣಾರೆ ನೋಡಲಿ ಎಂದು ನಾನೂ ನಮ್ಮ ಚಲಿಸುವ ಲೊಕೇಶನ್ನನ್ನು, ಅಂದರೆ ಲೈವ್ ಲೊಕೇಶನ್ನನ್ನು, ಅದೇ ಗ್ರೂಪಿಗೆ ಹಾಕಿದೆ. ತಂತ್ರಜ್ಞಾನವನ್ನು ಹೀಗೆ ಬಳಸಬೇಕು ಎಂದು ಹಿಂದಿನ ಸೀಟಿನಲ್ಲಿದ್ದ ಹದಿನಾಲ್ಕರ ಮಗಳು ಅನುವಿಗೆ ಸಣ್ಣ ಉಪನ್ಯಾಸವನ್ನೂ ಕೊಟ್ಟೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ಇಲ್ಲಿ ಫೋನಿನೊಳಗಿಂದ ದಾರಿ ಹೇಳುವ ಹೆಣ್ಣುಮಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಮನೆಯಲ್ಲಿ ಅವಳಿಗೆ ಫೋನಕ್ಕ ಎಂದು ಹೆಸರು. ಈ ದೇಶಕ್ಕೆ ಬಂದ ಹೊಸದರಲ್ಲಿ, ಜರ್ಮನ್ ಬಾರದೆ ಮೂಕನಂತೆ ತಿರುಗುತ್ತಿದ್ದ ನನ್ನನ್ನು ಬಹುವಚನ ಹಚ್ಚಿ ಮಾತಾಡಿಸಿದ ಮೊದಲ ಹೆಂಗಸು ಅವಳೇ. ಪುಟ್ಟ ಅನುವಿಗೆ ಜ್ವರ ಏರಿದ ಸಂಜೆ, ಹಿಮ ಬಿದ್ದು ಬೋರ್ಡುಗಳೆಲ್ಲ ಮುಚ್ಚಿಹೋಗಿದ್ದಾಗ, ಆಸ್ಪತ್ರೆಯ ಬಾಗಿಲ ತನಕ ಕೈಹಿಡಿದು ಒಯ್ದವಳು ಅವಳು. ನಾನು ಎಷ್ಟು ಸಲ ತಪ್ಪಿದರೂ ಒಮ್ಮೆಯೂ ದನಿ ಏರಿಸಿದವಳಲ್ಲ. ಅಂಥ ಸಹನೆ ನನಗೆ ಮನೆಯಲ್ಲಿ ಬೇರೆಲ್ಲೂ ಕಂಡಿಲ್ಲ.

ಕಾರು ಹೊರಡಿಸಬೇಕು, ಅಷ್ಟರಲ್ಲಿ ಗದಗಿನಿಂದ ನನ್ನ ಅವ್ವನ ಫೋನು.

"ಇವತ್ತ ರವಿವಾರ ಐತಿ. ಪಡುವಣಕ್ಕ ವಾರಶೂಲ. ಆ ದಿಕ್ಕಿಗೆ ಹೊಂಟಿಲ್ಲಲ್ಲ?"

ದಿಕ್ಸೂಚಿ ನೋಡಿದೆ. ಬೊಬ್ಲಿಂಗೆನ್ ನಮಗೆ ತೆಂಕಣ-ಪಡುವಣಕ್ಕೆ!

"ಹೊಂಟೀವಲ್ಲಬೇ!"

"ಹಂಗಾರ ಮೊದಲ ನಾಕ ಹೆಜ್ಜಿ ಮೂಡಣಕ್ಕ ನಡದು, ಆಮ್ಯಾಲ ತಿರುಗ್ರಿ. ಬಸುರಿ ಹೆಣ್ಮಗಳ ಕೆಲಸ ಐತಿ, ಹುಡುಗಾಟ ಮಾಡಬ್ಯಾಡ."

ಅವ್ವ ಹೇಳಿದ್ದು ನಾಲ್ಕು ಹೆಜ್ಜೆ. ಮನೆಯ ಮುಂದೆ ನಾಲ್ಕು ಹೆಜ್ಜೆ ಹಾಕಿ ಬಂದು ಕಾರಿನಲ್ಲಿ ಕೂತಿದ್ದರೆ ಶಾಸ್ತ್ರವೂ ಮುಗಿಯುತ್ತಿತ್ತು, ಈ ಬರಹವೂ ಹುಟ್ಟುತ್ತಿರಲಿಲ್ಲ. ಆದರೆ ಇಂಜಿನಿಯರ್ ಆದವನು ಲೆಕ್ಕಕ್ಕೆ ಬೇಕಾದಷ್ಟೇ ಮಾಡುವುದಿಲ್ಲ, ಸುರಕ್ಷತೆಗೆಂದು ಒಂದಿಷ್ಟು ಹೆಚ್ಚು ಸೇರಿಸುತ್ತಾನೆ. ನಾನೂ ಸೇರಿಸಿದೆ. ಮೂಡಣದ ಪಕ್ಕದ ಹಳ್ಳಿಯ ತನಕ ಸೇರಿಸಿದೆ!

"ದಯವಿಟ್ಟು ಹಿಂದಕ್ಕೆ ತಿರುಗಿ" ಎಂದಳು ಫೋನಕ್ಕ, ತನ್ನ ಜರ್ಮನ್‌ನಲ್ಲಿ.

"ತಡೀಬೇ" ಎಂದೆ.

"ದಯವಿಟ್ಟು ಹಿಂದಕ್ಕೆ ತಿರುಗಿ."

"ಅವ್ವನ ಮಾತು ಕೇಳ್ಬೇಕೋ ನಿನ್ನ ಮಾತು ಕೇಳ್ಬೇಕೋ?"

"ಆಕಿ ಜೋಡೀನೂ ಜಗಳ ತಗೀತೀರಲ್ರೀ!" ಎಂದು ಗಿರಿಜಾ ಹಣೆ ಹಿಡಿದುಕೊಂಡಳು.

ಹಳ್ಳಿಯಲ್ಲಿ ಕಾರು ತಿರುಗಿಸಿದೆ. ಶೂಲ ನಿವಾರಣೆಯಾಯಿತು. ದಾರಿ ಮಾತ್ರ ಬಂದ್ ಆಯಿತು. ಅದೇ ಹೊತ್ತಿಗೆ ಆ ಹಳ್ಳಿಯವರು ತಮ್ಮ ಅಜ್ಜಂದಿರ ಕಾಲದ ಟ್ರ್ಯಾಕ್ಟರುಗಳನ್ನೆಲ್ಲ ತೊಳೆದು, ಹೂ ಕಟ್ಟಿ, ಮೆರವಣಿಗೆ ಹೊರಡಿಸಿದ್ದರು. ಮುಂದೊಂದು ಟ್ರ್ಯಾಕ್ಟರ್, ಹಿಂದೊಂದು ಟ್ರ್ಯಾಕ್ಟರ್, ನಡುವೆ ನಮ್ಮ ಕಾರು. ಕಾರಿನ ಕನ್ನಡಿಗೆ ಗಿರಿಜಾ ಮಾವಿನ ಎಲೆ ಸಿಗದೆ ಯಾವುದೋ ಗಿಡದ ಎಲೆಯ ತೋರಣ ಕಟ್ಟಿದ್ದರಿಂದ ನಾವೂ ಮೆರವಣಿಗೆಯವರೇ ಎಂದು ಜನ ನಂಬಿದರು. ರಸ್ತೆಯಂಚಿನ ಮುದುಕರು ಚಪ್ಪಾಳೆ ತಟ್ಟಿದರು. ನಾನು ಕೈ ಬೀಸಿದೆ. ಏನು ಮಾಡಲಿ, ಮರ್ಯಾದೆ!

ಇತ್ತ ಬೊಬ್ಲಿಂಗೆನ್‌ನಲ್ಲಿ ಮಂಜು ತನ್ನ ಫೋನಿನಲ್ಲಿ ನಮ್ಮ ಚುಕ್ಕೆಯನ್ನು ನೋಡುತ್ತಿದ್ದನಂತೆ. ತವರಿನವರು ಹೊರಟದ್ದೇ ಉಲ್ಟಾ ದಿಕ್ಕಿಗೆ. ಆಮೇಲೆ ಒಂದು ಹಳ್ಳಿಯಲ್ಲಿ ಇರುವೆಯಂತೆ ಹರಿದಾಡುತ್ತಿದ್ದಾರೆ. ಪಾಪ, ದಾರಿ ತಪ್ಪಿರಬೇಕು, ಇಲ್ಲವೇ ಕಾರು ಕೆಟ್ಟಿರಬೇಕು ಎಂದು ಅವನಿಗೆ ಅನ್ನಿಸಿತು. ಒಳ್ಳೆಯ ಹುಡುಗ. ಉಟ್ಟ ರೇಷ್ಮೆ ಧೋತರದಲ್ಲೇ ಕಾರು ಹತ್ತಿ ನಮ್ಮನ್ನು ಹುಡುಕಲು ಹೊರಟುಬಿಟ್ಟ. ಇದು ನಮಗೆ ಗೊತ್ತಿರಲಿಲ್ಲ. ಇನ್ನೊಂದೂ ಗೊತ್ತಿರಲಿಲ್ಲ. ಗ್ರೂಪಿಗೆ ಮನೆಯ ಲೊಕೇಶನ್ ಹಾಕಲು ಹೋಗಿ ಅವನೂ ತನ್ನ ಚಲಿಸುವ ಲೊಕೇಶನ್ನನ್ನೇ ಹಾಕಿದ್ದ. ಅಂದರೆ ಅವನು ಎಲ್ಲಿಗೆ ಹೋದರೆ ಅಲ್ಲಿಗೆ ಅವರ ಮನೆ!

ಟ್ರ್ಯಾಕ್ಟರುಗಳಿಂದ ಬಿಡುಗಡೆ ಪಡೆದು ಆಟೋಬಾನ್ ಎಂಬ ಇಲ್ಲಿನ ಹೆದ್ದಾರಿ ಹತ್ತಿದ ಮೇಲೆ ನಾನು ಆಜ್ಞೆ ಮಾಡಿದೆ: "ಈಗ ಮಂಜೂನ ಲೊಕೇಶನ್ ಒತ್ತು."

ಗಿರಿಜಾ ಒತ್ತಿದಳು. ಸ್ವಲ್ಪ ಹೊತ್ತು ದಿಟ್ಟಿಸಿದಳು. "ಏನ್ರೀ ಇದು, ಮನಿ ಊರ ಹೊರಗ ಐತಿ?"

"ಹೊಸ ಬಡಾವಣೆ ಇರ್ಬೇಕು."

ಇನ್ನೂ ಸ್ವಲ್ಪ ಹೊತ್ತಾಯಿತು. "ರೀ, ಆಗ ಎಡಕ್ಕಿತ್ತು. ಈಗ ಬಲಕ್ಕ ಬಂದೈತಿ. ಮನಿ ಸರದಾಡಾಕತ್ತೈತ್ರೀ!"

ಇಲ್ಲಿ ನನ್ನೊಳಗಿನ ತಜ್ಞ ಎಚ್ಚೆತ್ತ. ಗಂಟಲು ಸರಿಮಾಡಿಕೊಂಡೆ. "ನೋಡು ಗಿರಿಜಾ, ಮನಿ ಸರಿಯೂದಿಲ್ಲ. ಉಪಗ್ರಹದ ಅಲೆ ಕಟ್ಟಡಕ್ಕ ಬಡದು ವಾಪಸ್ ಬರ್ತಾವ. ಅದರಿಂದ ಚುಕ್ಕಿ ಅಲ್ಲಾಡಿದಂಗ ಕಾಣ್ತದ. ನಾವು ಆಫೀಸಿನ್ಯಾಗ ಇದನ್ನ ದಿನಾ ನೋಡ್ತೀವಿ."

"ಅಲ್ಲಾಡಾಕತ್ತಿಲ್ರೀ, ಓಡಾಕತ್ತೈತಿ!"

"ಮನಿ ಓಡ್ತದೇನು? ಬುದ್ಧಿ ಉಪಯೋಗ್ಸು!"

ಹಿಂದಿನಿಂದ ಅನು ಬಾಯಿ ಹಾಕಿದಳು. "ಪಾಪಾ, ದಾಸ್ ಇಸ್ಟ್ ಲೈವ್..."

ನಮ್ಮ ಕಾರಿನಲ್ಲಿ ಒಂದು ಕಾನೂನಿದೆ, ನಾನೇ ಮಾಡಿದ್ದು. ಶಾಲೆಯಲ್ಲಿ ಜರ್ಮನ್, ಗೆಳತಿಯರ ಜೊತೆ ಇಂಗ್ಲಿಷ್, ಕಾರಿನೊಳಗೆ ಅಪ್ಪಟ ಕನ್ನಡ. ನನ್ನ ಅಜ್ಜಿಯ ಮಡಿಲಲ್ಲಿ ಕೂತು ಕಲಿತ ಮಾತನ್ನು ಮಗಳ ತನಕವಾದರೂ ತಲುಪಿಸಬೇಕೆಂಬ ಆಸೆ. "ಕನ್ನಡದಾಗ ಹೇಳು" ಎಂದೆ ಗಂಭೀರವಾಗಿ.

ಅನು ಯೋಚಿಸಿದಳು. ಕಾರು ಓಡುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಅವಳ ತುಟಿ ಶಬ್ದ ಹುಡುಕುತ್ತಿತ್ತು. ಕೊನೆಗೆ ಹೇಳಿದಳು: "ಅಪ್ಪಾ, ಅದು ಮನಿ ಅಲ್ಲ. ಅದು... ಜೀವಂತ ಜಾಗ."

ಜೀವಂತ ಜಾಗ! ನನಗೆ ಕಣ್ಣು ತುಂಬಿ ಬಂತು. ಮನೆ ಎಂದರೆ ಬರೀ ಗೋಡೆಯಲ್ಲ, ಜೀವವಿರುವ ಜಾಗ ಎಂದು ಈ ಪರದೇಶದಲ್ಲಿ ಬೆಳೆದ ಕೂಸು ಹೇಳುತ್ತಿದೆ! "ಕೇಳಿದೇನು ಗಿರಿಜಾ, ಎಂಥಾ ಮಾತು! ಯಾರ ಮಗಳು!" ಎಂದು ಹಿಗ್ಗಿದೆ.

ಅನು, "ಫೆರ್ಗಿಸ್ ಎಸ್" ಎಂದು ಕಿವಿಗೆ ಹಾಡಿನ ತಂತಿ ತುರುಕಿಕೊಂಡಳು. ಬಿಡ್ರಿ ಅತ್ತ ಎನ್ನುವುದಕ್ಕೆ ಜರ್ಮನ್ನರು ಹಾಗೆನ್ನುತ್ತಾರೆ.

ಗಿರಿಜಾ ಶಿಲ್ಪಾಳಿಗೆ ಫೋನ್ ಹಚ್ಚಿದಳು. ಅವಳ ಫೋನು ಊರಿನ ತಾಯಿಯ ಜೊತೆ ವಿಡಿಯೋ ಕರೆಯಲ್ಲಿತ್ತು. ಮಂಜುವಿಗೆ ಹಚ್ಚಿದಳು. ಗಾಡಿ ನಡೆಸುವಾಗ ಅವನು ಫೋನ್ ಎತ್ತುವುದಿಲ್ಲ. ಈ ದೇಶದ ಕಾನೂನನ್ನು ದೇವರಂತೆ ಕಾಣುವ ಹುಡುಗ. ಅವನು ಗಾಡಿ ನಡೆಸುತ್ತಿರಬಹುದು ಎಂಬ ಯೋಚನೆ ನನ್ನ ತಲೆಗೆ ಬರಬಹುದಿತ್ತು. ಬರಲಿಲ್ಲ.

"ರೀ" ಎಂದಳು ಗಿರಿಜಾ. "ಮನಿ ಆಟೋಬಾನ್ ಹತ್ತೇತಿ."

"ಆಂ?"

"ಎದುರಿಗೆ ಬರಾಕತ್ತೈತಿ! ನಮ್ಮ ಮ್ಯಾಲ ಬರಾಕತ್ತೈತ್ರೀ!"

ನಾನು ತಜ್ಞ. ಉಪಗ್ರಹಗಳ ಪರಮಮಿತ್ರ. ಆದರೂ ಒಂದು ಮನೆ, ಬಾಗಿಲು ಕಿಟಕಿ ಸಮೇತ, ನೂರರ ಮೇಲಿನ ವೇಗದಲ್ಲಿ ಎದುರಿಗೆ ಬರುತ್ತಿದೆ ಎಂದು ಹೆಂಡತಿ ಕೂಗಿದಾಗ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಹಿಂದಿನ ಕಾರಿನವನು ದೀಪ ಮಿಣುಕಿಸಿ ನನ್ನ ವಂಶವನ್ನು ಸ್ಮರಿಸಿದ. ಅಷ್ಟರಲ್ಲಿ ಗಿರಿಜಾ, "ನಿಂತ್ತು! ಮನಿ ನಿಂತ್ತು! ಇಲ್ಲೇ ಮುಂದ ಐತಿ!" ಎಂದಳು. ಬಲಕ್ಕೆ ಗಾಡಿ ನಿಲ್ಲಿಸುವ ತಾಣವೊಂದು ಕಂಡಿತು. ನಾಲ್ಕು ಬೆಂಚು, ಒಂದು ಶೌಚಾಲಯ, ಸಾಲಾಗಿ ಲಾರಿಗಳು. ಒಳಗೆ ನುಗ್ಗಿಸಿದೆ.

ಫೋನಕ್ಕ ಶಾಂತವಾಗಿ ಉಸುರಿದಳು: "ನೀವು ನಿಮ್ಮ ಗುರಿಯನ್ನು ತಲುಪಿದ್ದೀರಿ. ಗುರಿ ನಿಮ್ಮ ಎಡಗಡೆ ಇದೆ."

ಎಡಗಡೆ ನೋಡಿದೆ. ಎಡಗಡೆ ಇಡೀ ಆಟೋಬಾನ್ ಇತ್ತು. ಅದರಾಚೆ, ಎದುರು ದಿಕ್ಕಿನ ಗಾಡಿಗಳಿಗೆಂದು ಇಂಥದ್ದೇ ಇನ್ನೊಂದು ತಾಣ. ಅಲ್ಲಿ, ಕಾರಿನ ಪಕ್ಕದಲ್ಲಿ, ಗಾಳಿಗೆ ಹಾರುವ ರೇಷ್ಮೆ ಧೋತರವನ್ನು ಎರಡೂ ಕೈಯಿಂದ ಹಿಡಿದುಕೊಂಡು, ಮಂಜು ನಿಂತಿದ್ದ!

ನಾವು ಒಬ್ಬರನ್ನೊಬ್ಬರು ನೋಡಿದೆವು. ನಡುವೆ ಲಾರಿಗಳು ಗುಡುಗುತ್ತಾ ಹೋದವು. ಅವನು ಏನೋ ಕೂಗಿದ. ನಾನೂ ಏನೋ ಕೂಗಿದೆ. ಅವನು ಒಂದು ಕೈ ಎತ್ತಿ ಗಾಳಿಯಲ್ಲಿ ದೊಡ್ಡದೊಂದು ಸುತ್ತು ತಿರುಗಿಸಿದ. ಧೋತರ ಅಪಾಯದ ಮಟ್ಟ ಮುಟ್ಟಿದ್ದರಿಂದ ಕೈ ತಕ್ಷಣ ಇಳಿಸಿದ.

"ನೀವು ಸುತ್ತ ಹಾಕಿ ಬರ್ರಿ ಅನ್ನಾಕತ್ತಾನ" ಎಂದು ಕಾರಿನ ಕಡೆ ಓಡಿದೆ.

"ತಾನು ಸುತ್ತ ಹಾಕಿ ಬರ್ತೀನಿ ಅನ್ನಾಕತ್ತಾನ್ರೀ!" ಎಂದು ಗಿರಿಜಾ ಕೀಲಿ ಕಿತ್ತುಕೊಂಡಳು. "ನೀವು ಈಗ ಆ ಕಡೆ ಹೋಗ್ರಿ, ಅವ ಈ ಕಡೆ ಬರ್ಲಿ. ಕೂಸು ಹುಟ್ಟಿ ಸಾಲಿಗೆ ಹೋಗೂತನಾ ಹಿಂಗ ಆಡ್ರಿ! ಕೂಡ್ರಿ ಇಲ್ಲಿ."

ಕೂತೆ. ತವರಿನ ಹಿರಿಯ ಬೆಂಚಿನ ತುದಿಗೆ ಕೂತ.

ಆಗ ಅನು ಕಿವಿಯಿಂದ ತಂತಿ ತೆಗೆದು, ಚಲಿಸುವ ಲೊಕೇಶನ್ ಎಂದರೇನು ಎಂಬುದನ್ನು ಜರ್ಮನ್‌ನಲ್ಲೇ ವಿವರಿಸಿದಳು. ಕಾರಿನಿಂದ ಕೆಳಗಿಳಿದಿದ್ದರಿಂದ ನನ್ನ ಕಾನೂನು ಅನ್ವಯಿಸಲಿಲ್ಲ. ಎಲ್ಲವೂ ತಿಳಿಯಿತು. ತಿಳಿಯಬಾರದಿತ್ತು.

ನನಗೆ ನಗು ಬರಲಿಲ್ಲ. ಮಧ್ಯಾಹ್ನ ಹತ್ತಿರವಾಗಿತ್ತು. ಬುತ್ತಿಯ ಡಬ್ಬಿಗಳು ಕಾರಿನಲ್ಲಿ ತಣ್ಣಗಾಗುತ್ತಿದ್ದವು. ಬೆಳಗಿನಿಂದ ಆ ಹುಡುಗಿ ಹಾಲು ಕುಡಿದು ಬಾಗಿಲು ಕಾಯುತ್ತಿದ್ದಾಳೆ. ತಾಯಿ ಬರಲಿಲ್ಲ, ತಾಯಿಯ ಬದಲು ಬರುತ್ತೇವೆಂದವರು ಲಾರಿಗಳ ನಡುವೆ ಕೂತಿದ್ದಾರೆ. "ಗಿರಿಜಾ, ಪಾಪ ಹಸದಿರ್ತಾಳ" ಎಂದೆ. ಗಿರಿಜಾ ಎದ್ದು ಹೋಗಿ ಡಬ್ಬಿಗಳ ಮೇಲೆ ಇನ್ನೊಂದು ಬಟ್ಟೆ ಹೊದಿಸಿ ಬಂದಳು.

ಮುಂದಿನ ಊರಿನಲ್ಲಿ ಇಳಿದು, ಸುತ್ತು ಹಾಕಿ ಮಂಜು ಬಂದು ಮುಟ್ಟಿದ. "ಅಣ್ಣಾರ, ಗಾಡಿ ಕೆಟ್ಟಿತ್ತೇನ್ರಿ? ಮೂಡಣಕ್ಕ ಯಾಕ ಹೋಗಿದ್ರಿ?" ಎಂದು ಕೈ ಹಿಡಿದುಕೊಂಡು ಕೇಳಿದ. ವಾರಶೂಲದ ವಿಷಯ ಹೇಗೆ ಹೇಳುವುದೆಂದು ನಾನು ತಡವರಿಸುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಮನೆಯಲ್ಲಿ ಕಾದಿದ್ದ ನೆಂಟರ ಫೋನು. ಎತ್ತಿ ಕೇಳಿದವನೇ ನಮ್ಮ ಕಡೆ ತಿರುಗಿದ.

"ಶಿಲ್ಪಾ ಮನ್ಯಾಗ ಇಲ್ಲಂತ್ರಿ!"

"ಮತ್ತ?"

ಮತ್ತೇನು! ದೊಡ್ಡದೊಂದು ಹಳದಿ ಕಾರು ಅಷ್ಟರಲ್ಲಿ ತಾಣದೊಳಗೆ ಸರ್ರನೆ ಬಂದು ನಿಂತಿತು. ನಡೆಸುತ್ತಿದ್ದವರು ಶಿಲ್ಪಾಳ ಪಕ್ಕದ ಮನೆಯ ಜರ್ಮನ್ ಅಜ್ಜಿ, ಫ್ರಾವ್ ಕೆಲ್ಲರ್. ಕುಬಸಕ್ಕೆಂದು ಕೈತುಂಬ ಹಸಿರು ಬಳೆ ಇಟ್ಟುಕೊಂಡಿದ್ದರು. ಪಕ್ಕದ ಸೀಟಿನಿಂದ, ಹೊಟ್ಟೆಯ ಮೇಲೊಂದು ಕೈ ಇಟ್ಟುಕೊಂಡು, ಶಿಲ್ಪಾ ಇಳಿದಳು.

"ನಿಮ್ಮ ಚುಕ್ಕಿ ಇಲ್ಲೇ ನಿಂತಬಿಟ್ಟಿತ್ತಕ್ಕಾ. ಇವರು ಫೋನ್ ಎತ್ತಲಿಲ್ಲ. ನನಗ ಹೆದರಿಕಿ ಆತು. ಅಜ್ಜಿ, ನಡಿ ನಾನ ಕರಕೊಂಡ ಹೋಗ್ತೀನಿ ಅಂದ್ರು." ಅಷ್ಟು ಹೇಳಿ ಗಾಳಿಯಲ್ಲಿ ಮೂಗು ಎತ್ತಿದಳು. "ಎಣಗಾಯಿ ಐತೇನಕ್ಕಾ?"

"ಐತವ್ವಾ. ನಡಿ, ಮನಿಗೆ ಹೋಗಿ..."

"ನಾ ಇನ್ನೊಂದ ಹೆಜ್ಜಿ ಇಡಂಗಿಲ್ಲ. ಕುಬಸಕ್ಕ ಹೆಣ್ಮಕ್ಕಳು ತವರಿಗೆ ಹೋಗೂದು ಇಲ್ಲೇನು? ನಾ ಬಂದೀನಿ. ಇಲ್ಲೇ ಉಡಿ ತುಂಬ್ರಿ."

ಅಲ್ಲಿಗೆ ಆ ನಾಲ್ಕು ಬೆಂಚು, ಒಂದು ಶೌಚಾಲಯದ ತಾಣವು ತವರುಮನೆಯಾಯಿತು. ಮಂಜು ಗ್ರೂಪಿಗೆ ಹೊಸ ಲೊಕೇಶನ್ ಹಾಕಿದ; ಈ ಸಲ ಅನು ನಿಂತು ನೋಡಿ, ಸರಿಯಾದುದನ್ನೇ ಒತ್ತಿಸಿದಳು. ಮನೆಯಲ್ಲಿ ಕಾಯುತ್ತಿದ್ದ ನೆಂಟರೂ ಕಾರು ತುಂಬಿಕೊಂಡು ಬಂದರು. ಪೋಲೆಂಡಿನ ಕಡೆಯ ಲಾರಿ ಚಾಲಕನೊಬ್ಬ ಏನು ನಡೆದಿದೆ ಎಂದು ಬಗ್ಗಿ ನೋಡಿ, ಬಸುರಿಯನ್ನು ಕಂಡು, ಓಡಿಹೋಗಿ ತನ್ನ ಮಡಚುವ ಕುರ್ಚಿ ತಂದು ಹಾಕಿದ. ಆರತಿ ಗಾಳಿಗೆ ನಿಲ್ಲಲಿಲ್ಲ. ಅವನು ತನ್ನ ದಪ್ಪ ಜಾಕೆಟ್ ಬಿಚ್ಚಿ ಎರಡೂ ಕೈಯಲ್ಲಿ ಪರದೆಯಂತೆ ಹಿಡಿದು ನಿಂತ. ದೀಪ ನಿಂತಿತು. ಆ ಮನುಷ್ಯನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಎಲ್ಲಿದ್ದರೂ ತಣ್ಣಗಿರಲಿ. ಆರು ಹೋಳಿಗೆ ತಿಂದ.

ಗಿರಿಜಾ ಬಳೆ ತೊಡಿಸಿ, ಉಡಿ ತುಂಬಿ, ಮೊದಲ ತುತ್ತು ಬಾಯಿಗಿಟ್ಟಳು. ಶಿಲ್ಪಾ ಅಗಿಯುತ್ತಲೇ ಅತ್ತಳು, ಅಳುತ್ತಲೇ ಇನ್ನೊಂದು ರೊಟ್ಟಿಗೆ ಕೈ ಚಾಚಿದಳು. ಊರಿನ ತಾಯಿಗೆ ವಿಡಿಯೋ ಹಚ್ಚಿ ಫೋನನ್ನು ಚಹಾ ಥರ್ಮಾಸಿಗೆ ಆನಿಸಿ ಇಟ್ಟೆವು. ಆ ತಾಯಿ ಮಗಳನ್ನು ಕಣ್ಣು ತುಂಬ ನೋಡಿದರು. ಆಮೇಲೆ ಹಿಂದೆ ಸಾಲಾಗಿ ನಿಂತ ಲಾರಿಗಳ ಕಡೆ, ಒಂದರ ಹಿಂದೊಂದು ಬಂದು ನಿಲ್ಲುವ ಕಾರುಗಳ ಕಡೆ ಅವರ ದೃಷ್ಟಿ ಹೋಯಿತು.

"ಅಯ್ಯ ನನ್ನವ್ವ! ಎಷ್ಟ ಗಾಡಿ! ಲಾರಿ ಮಾಡ್ಕೊಂಡ ಬಂದಾರಲ್ಲ ಮಂದಿ! ಇವರೆಲ್ಲಾ ನನ್ನ ಮಗಳ ಕುಬಸಕ್ಕ ಬಂದಾರೇನ್ರೀ?"

ಎಲ್ಲರೂ ನನ್ನ ಮುಖ ನೋಡಿದರು, ಹಿರಿಯನಲ್ಲವೇ!

"ಹೌದ್ರೀ ಅಮ್ಮಾ" ಎಂದೆ. "ಇನ್ನೂ ಬರಾಕತ್ತಾರ."

ತಾಯಿ ಕೈ ಮುಗಿದರು. "ನಾ ಒಬ್ಬಾಕಿ ಬರಲಿಲ್ಲಂತ ರಾತ್ರೆಲ್ಲಾ ಅತ್ತೀನ್ರಿ. ಊರಿಗೆ ಊರ ಬಂದೈತಿ" ಎಂದರು. ಆ ದಿನವಿಡೀ ನನ್ನ ಮಾತಿಗೆ ಗಿರಿಜಾ ಎದುರಾಡದೆ ಬಿಟ್ಟದ್ದು ಅದೊಂದೇ.

ಈ ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಇನ್ನೂ ತಲೆ ಎತ್ತಿ ತಿರುಗಬಹುದಿತ್ತು. ಆದರೆ ಶಿಲ್ಪಾ, ಒಳ್ಳೆಯ ಹುಡುಗಿ, ಪ್ರೀತಿಯಿಂದ ಒಂದು ಕೆಲಸ ಮಾಡಿದಳು. ತನ್ನ ಫೋನಿನ ನಕ್ಷೆಯಲ್ಲಿ ಆ ತಾಣವನ್ನು ಒತ್ತಿಹಿಡಿದು, 'ನನ್ನ ತವರುಮನೆ' ಎಂದು ಹೆಸರು ಕೊಟ್ಟು ಉಳಿಸಿಕೊಂಡಳು. ಮೊನ್ನೆ ಕೂಸನ್ನು ನೋಡಲು ಹೋದಾಗ ಹೆಮ್ಮೆಯಿಂದ ತೆಗೆದು ತೋರಿಸಿದಳು. ನನ್ನ ತವರುಮನೆ: ಹಗಲು-ರಾತ್ರಿ ತೆರೆದಿರುತ್ತದೆ. ಹೋಗಿಬಂದವರು ಕೊಟ್ಟ ಅಂಕ, ಐದು ನಕ್ಷತ್ರಕ್ಕೆ ಎರಡೂವರೆ. ಕೆಳಗೆ ಯಾರೋ ಜರ್ಮನ್ ಪುಣ್ಯಾತ್ಮ ಬರೆದಿದ್ದ ಅಭಿಪ್ರಾಯವನ್ನು ಅನು ಎಲ್ಲರಿಗೂ ಕೇಳುವಂತೆ ಅಪ್ಪಟ ಕನ್ನಡದಲ್ಲಿ ಓದಿ ಹೇಳಿದಳು:

"ಕೂಡ್ರಾಕ ಅಡ್ಡಿಯಿಲ್ಲ. ದಾರಿ ಕೇಳಾಕ ಮಾತ್ರ ಇಲ್ಲಿ ನಿಲ್ಲಬ್ಯಾಡ್ರಿ."

ಗಿರಿಜಾ ಕೂಸನ್ನು ಭುಜದ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತಾ ನನ್ನನ್ನು ಕೇಳಿದಳು: "ಈ ಮನಷ್ಯಾಗ ನಿಮ್ಮ ಗುರ್ತ ಹೆಂಗಾತ್ರೀ?"